ಬಿಸಿಲು ಕಂಡ ಸೀಸೆ

ಆಯುಧಪೂಜೆ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ರಸ್ತೆಯಲ್ಲಿ ಒಡೆದ ಬೂದುಗುಂಬಳ ಕಂಡರೂ ಹಲ್ಲು ಕಡಿಯುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿ.

ರಾಮನಗರದ ಹತ್ತಿರದ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಜೀವಕೋಶದೊಳಗೆ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಸುದ್ದಿಯನ್ನೂ ಮುಟ್ಟಿಸುತ್ತದೆ. ಅದು ಹೇಗೆಂದು ನೋಡಲು ಒಂದು ಕೊಬ್ಬಿನ ಅಣುವಿಗೆ ನಾನು ರಾಸಾಯನಿಕ ಬೀಗ ಹಾಕಿದ್ದೆ. ಇಲಿಯ ಜೀವಕೋಶದೊಳಕ್ಕೆ ಹೋಗಿ ಅದು ತೆಪ್ಪಗಿರಬೇಕು. ನಾನು ಬೆಳಕು ಬಿಟ್ಟಾಗಲೇ ಬೀಗ ಮುರಿದು ಕೆಲಸ ಶುರು ಮಾಡಬೇಕು, ಆಗ ಜೀವಕೋಶ ಪರದೆಯ ಮೇಲೆ ಮಿನುಗಬೇಕು. ಅದಕ್ಕೂ ಮೊದಲು ಬಿಸಿಲು ಕಂಡರೆ ಕತೆ ಮುಗಿಯಿತು. ಕೆಂಪು ಬಲ್ಬಿನಡಿ ಕಣ್ಣು ಕೆಡಿಸಿಕೊಂಡು, ತಿಂಗಳುಗಟ್ಟಲೆ ಒದ್ದಾಡಿ, ಒಂದು ಪುಟ್ಟ ಸೀಸೆಯಷ್ಟು ಮಾಡಿದ್ದೆ.

ಜೊತೆಗೆ ಚನ್ನಪಟ್ಟಣದವಳೊಬ್ಬಳಿದ್ದಳು. ಒಂದೇ ಡಬ್ಬಿಯಲ್ಲಿ ಉಣ್ಣುವಷ್ಟು ಗೆಳೆತನ. ಮುಂದಿನ ವರ್ಷಕ್ಕೆ ಒಬ್ಬರಿಗೇ ಜಾಗ, ಮೊದಲು ಫಲಿತಾಂಶ ತೋರಿಸಿದವರಿಗೆ ಎಂದು ಗೈಡ್ ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡೇ ಹೇಳಿದ್ದರು. ಕೋಳಿಜಗಳ ನೋಡುವವರ ಹಾಗೆ ನಗುತ್ತಿದ್ದರು.

ಪೂಜೆಯ ಬೆಳಿಗ್ಗೆ ಹೂವು, ಬಾಳೆಕಂದು ತರಲು ನನ್ನನ್ನು ಪೇಟೆಗೆ ಕಳಿಸಿದರು. ವಾಪಸ್ ಬಂದರೆ ಮೈಕ್ರೋಸ್ಕೋಪಿಗೆಲ್ಲ ವಿಭೂತಿ, ಕುಂಕುಮ. ಕಿಟಕಿ ಕಟ್ಟೆಯ ಮೇಲೆ, ಸುಡುಬಿಸಿಲಲ್ಲಿ, ಸುತ್ತಿದ್ದ ಫಾಯಿಲ್ ಬಿಚ್ಚಿದ ನನ್ನ ಸೀಸೆ! ಅದಕ್ಕೂ ಒಂದು ಬೊಟ್ಟು.

“ನಾನೇ ಇಟ್ಟೆ ಕಣೆ,” ಎಂದಳು ಗೆಳತಿ. “ನಿನ್ನ ಆಯುಧ ಅದೇ ಅಲ್ವಾ? ದೇವ್ರ ಕಣ್ಣಿಗೆ ಬೀಳ್ಲಿ ಅಂತ. ಅಯ್ಯೋ, ಬೆಳಕಿನ ವಿಚಾರ ಮರ್ತೇಬುಟ್ಟೆ!”

ಅತ್ತಳು ಕೂಡ. ಥೂ, ನಾನೇ ಅವಳ ಕಣ್ಣು ಒರೆಸಿ ಸಮಾಧಾನ ಮಾಡಿದೆ.

“ದೇವ್ರ ಮುಂದೆ ಇಟ್ಟಿದ್ದು ಎಲ್ಲಾದ್ರೂ ಕೆಟ್ಟೋಯ್ತದೇನಮ್ಮ?” ಎಂದರು ಗೈಡ್. ಎಲ್ಲರೂ ನಕ್ಕರು. ಮರುದಿನ ಅದನ್ನು ಜೀವಕೋಶಗಳಿಗೆ ಹಾಕಿದೆ. ಬೆಳಕು ಬಿಡುವ ಮೊದಲೇ ಅವು ಪರದೆಯ ತುಂಬ ಮಿನುಗಿಬಿಟ್ಟವು. ಬೀಗ ಆಗಲೇ ಮುರಿದಿತ್ತು.

ದೀಪಾವಳಿಗೆ ಮುಂಚೆ ಅವಳು ಫಲಿತಾಂಶ ತೋರಿಸಿದಳು. ಅವಳ ಜೀವಕೋಶಗಳು ಕತ್ತಲಲ್ಲಿ ತಣ್ಣಗಿದ್ದವು. ಬೆಳಕು ಬಿದ್ದೊಡನೆ ಮಿನುಗಿದವು. ಬೀಗ ಹಾಕಿದ ಆ ಕೊಬ್ಬನ್ನು ಅಲ್ಲಿ ನಾನಲ್ಲದೆ ಇನ್ನಾರೂ ಮಾಡಿರಲಿಲ್ಲ. ಬಿಸಿಲಿಗಿಡುವ ಮೊದಲೇ ಅರ್ಧ ತನಗೆಂದು ಎತ್ತಿಟ್ಟುಕೊಂಡಿದ್ದಳು. ಸೀಸೆಯ ಮಟ್ಟ ಇಳಿದದ್ದು ಆವತ್ತಿನ ಗಾಬರಿಯಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಗೈಡಿಗೆ ಹೇಳಿದೆ. “ಲ್ಯಾಬಿಂದು ಲ್ಯಾಬಿಗೇ ಸೇರ್ತಲ್ಲಮ್ಮ, ಬುಡು. ಕೈಗುಣ ಬೇಕು,” ಎಂದು ಅವಳ ಬೆನ್ನು ತಟ್ಟಿದರು. ಜಾಗ ಅವಳದಾಯಿತು.

ನಮ್ಮೂರು ಸೋಲೂರಿಗೆ ಹೊರಡಲು ನಾನು ಸಾಮಾನು ತುಂಬುತ್ತಿದ್ದಾಗ ಅವಳೇ ಬಂದು ನಿಂತಳು.

“ಕೇಳಿದ್ರೆ ಅರ್ಧ ನಾನೇ ಕೊಡ್ತಿದ್ನಲ್ಲೇ, ಪಾಪಿ,” ಎಂದೆ. ಅಳು ತಡೆಯಲಾಗಲಿಲ್ಲ.

“ಗೊತ್ತು ಕಣೆ,” ಎಂದಳು, ನನ್ನ ಬ್ಯಾಗಿನ ಜಿಪ್ಪು ಎಳೆದುಕೊಡುತ್ತಾ. “ಆದ್ರೆ ಇನ್ನರ್ಧ ನಿನ್ತಾವ ಇರ್ತಿತ್ತಲ್ಲ.”