ಕರಡಿಗೆ ಕನ್ನಡ ಕೊಟ್ಟ ವೈನಿ

ಕಳೆದ ತಿಂಗಳು ಮಿಕ್ಸರ್ ರಿಪೇರಿಗೆಂದು ನಮ್ಮ ಬಿಲ್ಡಿಂಗಿನ ಕೆಳಗಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಯಾರೋ ಬಿಟ್ಟುಹೋಗಿದ್ದ, ಬೆನ್ನು ಉಬ್ಬಿದ ಹಳೆಯ ಟೀವಿಯೊಂದಕ್ಕೆ ಕರೆಂಟು ಕೊಟ್ಟು ಪರೀಕ್ಷಿಸುತ್ತಿದ್ದ. ಚಿತ್ರ ಬರಲಿಲ್ಲ, ಸದ್ದೂ ಬರಲಿಲ್ಲ. ಬಂದದ್ದು ವಾಸನೆ ಮಾತ್ರ: ಒಳಗೆ ವರ್ಷಗಟ್ಟಲೆ ಕೂತಿದ್ದ ಧೂಳು ಮೆಲ್ಲಗೆ ಬಿಸಿಯೇರುವಾಗಿನ, ಇಸ್ತ್ರಿಪೆಟ್ಟಿಗೆಯಡಿ ಕೊಂಚ ಹೆಚ್ಚು ಹೊತ್ತು ಉಳಿದ ಬಟ್ಟೆಯಂಥ ವಾಸನೆ. ನಾನು ಬಂದ ಕೆಲಸವನ್ನು ಮರೆತು ನಿಂತೆ. ಆ ವಾಸನೆಯ ಜೊತೆಗೆ ಒಂದು ಪಿಸುದನಿಯೂ ಬಂದಂತಾಗಿತ್ತು...

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾವು ಬೊರಿವಲಿಯ ಪೂರ್ವಕ್ಕೆ, ಸ್ಟೇಷನ್ನಿನಿಂದ ಸಾಕಷ್ಟು ಒಳಗಿದ್ದ ಒಂದು ಬಿಲ್ಡಿಂಗಿನಲ್ಲಿದ್ದೆವು. ಪ್ರತಿ ಮನೆಗೂ ಒಂದು ಕೋಣೆ, ಒಂದು ಅಡುಗೆಮನೆ. ಎಲ್ಲರಿಗೂ ಸೇರಿ ಒಂದೇ ಉದ್ದನೆಯ ಗ್ಯಾಲರಿ. ನಾನು ಆಗಷ್ಟೇ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿ ಸೇರಿದ್ದೆ. ಎದುರುಮನೆಯಲ್ಲಿದ್ದವರು ಧಾರವಾಡದ ಕಡೆಯ ದಂಪತಿಗಳು ಮತ್ತು ಅವರ ಒಬ್ಬಳೇ ಮಗಳು. ಆ ಕಡೆಯವರು ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ. ಮೊದಲು ಯಾರು ಹಾಗೆ ಕರೆದರೋ ತಿಳಿಯದು; ನಾವು ಬರುವಷ್ಟರಲ್ಲಿ ಆಕೆ ಇಡೀ ಮಹಡಿಗೆ ವೈನಿಯಾಗಿದ್ದರು. ಮೈಸೂರಿನ ಕಡೆಯವರಾದ ನಮ್ಮ ತಾಯಿಯವರೂ ಹಾಗೆಯೇ ಕರೆಯುತ್ತಿದ್ದರು.

ವೈನಿಯ ಯಜಮಾನರು ಔಷಧದ ಕಾರ್ಖಾನೆಯೊಂದರಲ್ಲಿ ಕಾಯಂ ರಾತ್ರಿಪಾಳಿಯವರು. ಬೆಳಿಗ್ಗೆ ಬಂದು, ಸ್ನಾನ ಮಾಡಿ, ತಿಂಡಿ ತಿಂದು, ಇದ್ದ ಒಂದೇ ಕೋಣೆಯ ಮಂಚದ ಮೇಲೆ ಮುಸುಕೆಳೆದು ಮಲಗಿದರೆ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಯಾವ ಸದ್ದೂ ಆಗುವಂತಿರಲಿಲ್ಲ. ಕುಕ್ಕರಿನ ಸೀಟಿ ಇಲ್ಲ, ಕಡೆಗೋಲಿಲ್ಲ, ಜಗಳವೂ ಇಲ್ಲ. ಹಗಲಿನ ಆ ಅಭ್ಯಾಸ ರಾತ್ರಿಗೂ ಅಂಟಿ, ವೈನಿ ಪಿಸುದನಿಯಲ್ಲಿಯೇ ಸಂಸಾರ ನಡೆಸುತ್ತಿದ್ದರು. ಸೊಪ್ಪಿನವನೊಡನೆ ಚೌಕಾಸಿಯನ್ನು ಕೂಡ ಕೈಸನ್ನೆಯಲ್ಲಿ ಮುಗಿಸುತ್ತಿದ್ದರು. ನಮ್ಮ ತಾಯಿಯವರು ಒಮ್ಮೆ, "ಏನ್ರೀ ವೈನಿ, ನಿಮ್ಮನೇಲಿ ಸಾಸಿವೆ ಕೂಡ ಕೇಳ್ಕೊಂಡು ಸಿಡಿಯುತ್ತಾ?" ಎಂದಿದ್ದರು.

"ಇಲ್ರೀ, ಅದು ಭಾಳ ಹಟಮಾರಿ. ಅದಕ್ಕ ಒಗ್ಗರಣಿ ರಾತ್ರಿನೇ ಹಾಕಿಟ್ಟಿರ್ತೀನಿ" ಎಂದು ವೈನಿ ಪಿಸುಗುಟ್ಟಿದ್ದರು.

ನಮ್ಮ ಮಹಡಿಯಲ್ಲಿ ಟೀವಿ ಇದ್ದದ್ದು ಆ ಮನೆಯಲ್ಲಿ ಮಾತ್ರ. ರವಿವಾರ ಬೆಳಿಗ್ಗೆ ಪರದೇಶದ ಕಾರ್ಟೂನೊಂದು ಬರುತ್ತಿತ್ತು. ಗ್ಯಾಲರಿಯ ಮಕ್ಕಳೆಲ್ಲ, ಅಂದರೆ ಕನ್ನಡದವರು, ತುಳುವಿನವರು, ಎರಡು ಮರಾಠಿ ಮನೆಯವರು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಸಾಲಾಗಿ ಒಳಗೆ ಬರುತ್ತಿದ್ದರು. ಮಂಚದ ಮೇಲೆ ಯಜಮಾನರು ಮಲಗಿರುತ್ತಿದ್ದರು. ಟೀವಿಯ ಸದ್ದಿನ ಗುಂಡಿ ಪೂರ್ತಿ ಎಡಕ್ಕೆ ತಿರುಗಿರುತ್ತಿತ್ತು. ವೈನಿ ಪಕ್ಕದಲ್ಲಿ ಮೊಣಕಾಲೂರಿ ಕೂತು, ಪರದೆಯ ಮೇಲಿನ ಪ್ರಾಣಿಗಳಿಗೆಲ್ಲ ತಾವೇ ಮಾತು ಕೊಡುತ್ತಿದ್ದರು, ಧಾರವಾಡದ ಕನ್ನಡದಲ್ಲಿ, ಪಿಸುದನಿಯಲ್ಲಿ. ಮಗಳು ಅವರ ತೊಡೆಗೆ ಆತುಕೊಂಡಿರುತ್ತಿದ್ದಳು. ನಗು ತಡೆಯಲಾರದವರು ಎದ್ದು ಗ್ಯಾಲರಿಗೆ ಹೋಗಿ ನಕ್ಕು ಬರಬೇಕೆಂಬುದು ಅಲ್ಲಿಯ ನಿಯಮ. ಗದ್ದಲ ಮಾಡುವವರನ್ನು ಕಣ್ಣಿನಿಂದಲೇ ಅಡಗಿಸುವ ಹೊಣೆಯನ್ನು ವೈನಿ ನನಗೆ ವಹಿಸಿದ್ದರು.

ಆ ಕಾರ್ಟೂನಿನಲ್ಲಿ ಜೇನುಗೂಡನ್ನು ಕಾಯುವ ದಪ್ಪ ಕರಡಿಯೊಂದಿತ್ತು, ಆ ಜೇನನ್ನು ಕದಿಯಲು ಬರುವ ಕಾಗೆಯೊಂದಿತ್ತು. ಮೂಲದಲ್ಲಿ ಅವು ಏನು ಮಾತನಾಡುತ್ತಿದ್ದವೋ ನಮಗೆ ಇಂದಿಗೂ ತಿಳಿಯದು. ವೈನಿಯ ಕರಡಿ ಮಾತ್ರ ರಾತ್ರಿಪಾಳಿಯದು.

"ಯಾಂವಲೇ ಅಂವಾ? ರಾತ್ರಿಯೆಲ್ಲಾ ಡ್ಯೂಟಿ ಮಾಡಿ ಈಗರೆ ಕಣ್ಣು ಮುಚ್ಚೀನಿ."

"ನೀ ಮಲಕ್ಕೋ ಮಾಮಾ, ಜೇನು ನಾ ಕಾಯ್ತೀನಿ."

"ನೀ ಕಾಯೂದು ಗೊತ್ತದ. ನಿನ್ನೆ ಕಾದೀದಿ, ಗಡಿಗಿನೂ ಉಳೀಲಿಲ್ಲ."

ಪರದೆಯ ಮೇಲೆ ಎಲ್ಲಿಯೂ ಇಲ್ಲದ ಕರಡಿಯ ಹೆಂಡತಿಯೊಬ್ಬಳನ್ನು ಕೂಡ ವೈನಿ ಸೃಷ್ಟಿಸಿದ್ದರು. ಆಕೆ ಗವಿಯೊಳಗಿನಿಂದ, "ಏನ್ರೀ, ಆ ಕಾಗಿ ಜೋಡಿ ಏನು ಹಚ್ಚೀರಿ? ಬಾಯಿ ಮುಚ್ಕೊಂಡು ಮಲಕೋರಿ" ಎಂದು ಕೂಗುತ್ತಿದ್ದಳು, ಕೂಗು ಸಹ ಪಿಸುಮಾತಿನಲ್ಲಿಯೇ. ಆಗ ಕೆಲವೊಮ್ಮೆ ಮುಸುಕಿನೊಳಗೆ ಯಜಮಾನರ ಹೊಟ್ಟೆ ಅಲುಗುವುದನ್ನು ನಾನು ಕಂಡಿದ್ದೇನೆ.

ಕಾರ್ಟೂನುಗಳ ಬಗೆಗೆ ವೈನಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಬಿದ್ದವನು ಏಳಬೇಕು, ಎದ್ದರೆ ಮಾತ್ರ ಅದು ನಗೆ, ಏಳದಿದ್ದರೆ ಸುದ್ದಿ. ಕಳ್ಳನಿಗಿಂತ ಕಾವಲಿನವನ ಮೇಲೆ ಹೆಚ್ಚು ಕರುಣೆ ಇರಬೇಕು. ಗಡಿಯಾರದ ಅಂಗಡಿಯ ಮುದುಕನೊಬ್ಬನ ಇನ್ನೊಂದು ಕಾರ್ಟೂನು ಬರುತ್ತಿತ್ತು. ಅದು ಅವರಿಗೆ ಸೇರುತ್ತಿರಲಿಲ್ಲ. "ತಾ ಮಾಡಿದ ಚ್ಯಾಷ್ಟಿಗೆ ತಾನ ನಗತಾನ. ಅಂವಾ ನಕ್ಕು ಮುಗಿಸಿದ ಮ್ಯಾಲ ನಮಗೇನು ಉಳೀತು?" ಎನ್ನುತ್ತಿದ್ದರು. ನನಗೂ ಒಂದು ಅಭಿಪ್ರಾಯವಿತ್ತು, ಈಗಲೂ ಇದೆ. ಕರಡಿ ಓಡುತ್ತೋಡುತ್ತ ಬಂಡೆಯ ಅಂಚನ್ನು ದಾಟಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಕೆಳಗೆ ನೋಡುವವರೆಗೂ ಬೀಳುತ್ತಿರಲಿಲ್ಲ. ಕರ್ತೃ ಬಂದಾಯಿತು, ಕರ್ಮ ಬಂದಾಯಿತು, ಕ್ರಿಯಾಪದ ಮಾತ್ರ ಇನ್ನೂ ಬರಬೇಕು. ಒಳ್ಳೆಯ ಕನ್ನಡ ವಾಕ್ಯವೂ ಹಾಗೆಯೇ ಕಾಯಿಸಿ ಬೀಳುತ್ತದೆ. ಇದನ್ನು ವೈನಿಗೆ ಹೇಳಿದಾಗ ಅವರು ಸ್ವಲ್ಪ ಯೋಚಿಸಿ, "ಹಂಗಾರ ಇಂಗ್ಲಿಷಿನಾಗ ಅದು ಮೊದಲ ಬಿದ್ದಿರತದೇನ್ರೀ ಟೀಚರ್?" ಎಂದು ಕೇಳಿದ್ದರು.

ಮಗಳಿಗೆ ಐದು ತುಂಬುತ್ತ ಬಂದಿತ್ತು. ಅವಳು ಮಾತನಾಡಿದ್ದನ್ನು ಗ್ಯಾಲರಿಯಲ್ಲಿ ಯಾರೂ ಕೇಳಿರಲಿಲ್ಲ. ಕರೆದರೆ ತಿರುಗುತ್ತಿದ್ದಳು, ಹೇಳಿದ್ದನ್ನು ಮಾಡುತ್ತಿದ್ದಳು, ಕೇಳಿದರೆ ತುಟಿ ಅಲುಗಿಸುತ್ತಿದ್ದಳು, ಅಷ್ಟೇ. ಇಂಗ್ಲಿಷ್ ಮಾಧ್ಯಮದ ಶಾಲೆಯೊಂದಕ್ಕೆ ಪ್ರವೇಶಕ್ಕೆಂದು ಕರೆದುಕೊಂಡು ಹೋದ ದಿನ ವೈನಿ ನನ್ನನ್ನೂ ಜೊತೆಗೆ ಕರೆದರು. ಅಗಲವಾದ ಮೇಜಿನ ಆಚೆಯಿಂದ ಮುಖ್ಯೋಪಾಧ್ಯಾಯಿನಿ ಹೆಸರು ಕೇಳಿದರು. ಮಗುವಿನ ತುಟಿ ಅಲುಗಿತು. ಮತ್ತೊಮ್ಮೆ ಕೇಳಿದರು. ಮತ್ತೆ ಅಲುಗಿತು.

"ಹೇಳಿದಳಲ್ರೀ" ಎಂದು ವೈನಿ ಕನ್ನಡದಲ್ಲಿ ಅಂದು, ಆಮೇಲೆ ತಡವರಿಸುತ್ತ, "ಬೋಲೀ ಮೇಡಮ್, ಬೋಲೀ ವೋ" ಎಂದರು.

"ಮೈನೇ ತೋ ನಹೀ ಸುನಾ", ತನಗೆ ಕೇಳಿಸಲಿಲ್ಲ ಎಂದು ಆಕೆ ನಯವಾಗಿಯೇ ಹೇಳಿ, ಮನೆಯಲ್ಲಿ ಯಾವ ಭಾಷೆ ಎಂದು ವಿಚಾರಿಸಿದರು. ಮನೆಯಲ್ಲಿ ಒಂದು, ಹೊರಗೆ ಒಂದು, ಶಾಲೆಯಲ್ಲಿ ಇನ್ನೊಂದು ಎಂದರೆ ಮಗುವಿಗೆ ಗೊಂದಲವಾಗುತ್ತದೆ. ಮೊದಲು ಮಾತು ಬರಲಿ, ಹಿಂದಿಯಾದರೂ ಸಾಕು, ಮುಂದಿನ ವರ್ಷ ನೋಡೋಣ ಎಂದರು. ಸಯನ್ನಿನ ಕಡೆ ಒಬ್ಬ ವೈದ್ಯರಿಗೆ ತೋರಿಸಿದಾಗ ಅವರು ಕಿವಿಯನ್ನು ಪರೀಕ್ಷಿಸಿ, ದೋಷವೇನೂ ಇಲ್ಲವೆಂದು ಹೇಳಿ, ಮನೆಯಲ್ಲಿ ಒಂದೇ ಭಾಷೆ ಸಾಕೆಂದು ಸಲಹೆ ಕೊಟ್ಟರು: "ಘರ್ ಮೇ ಏಕ್ ಹೀ ಭಾಷಾ ರಖೋ."

ಆ ಸಂಜೆ ಯಜಮಾನರು ಡ್ಯೂಟಿಗೆ ಹೊರಡುವ ಮೊದಲು ನಮ್ಮ ಬಾಗಿಲಲ್ಲಿ ನಿಂತರು. ನಾನು ನಮ್ಮ ಶಾಲೆಗೆ ಸೇರಿಸಬಹುದಲ್ಲ ಎಂದೆ.

"ನಿಮ್ಮ ಸಾಲಿಯೊಳಗ ಬೆಂಚು ಜಾಸ್ತಿ ಅದಾವೋ, ಹುಡುಗರು ಜಾಸ್ತಿ ಅದಾರೋ, ಟೀಚರ್?" ಎಂದು ಅವರು ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಅನಂತರ ವೈನಿಯ ಕಡೆ ತಿರುಗಿ, "ಇನ್ನ ಹಿಂದಿ ಅಷ್ಟ. ನೀನೂ ಹಿಂದಿ, ನಾನೂ ಹಿಂದಿ" ಎಂದರು.

"ಆಕಿನ್ನ ಮಲಗಸೋವಾಗನೂ?" ಎಂದು ವೈನಿ ಕೇಳಿದರು.

"ಮಲಗಸೋವಾಗನೂ."

ಮುಂದಿನ ರವಿವಾರ ಕರಡಿ ಹಿಂದಿಯಲ್ಲಿ ಮಾತನಾಡಿತು. ವೈನಿಗೆ ಗೊತ್ತಿದ್ದದ್ದು ತರಕಾರಿ ಮಾರ್ಕೆಟ್ಟಿನ ಚೌಕಾಸಿಯ ಹಿಂದಿ, ರೇಶನ್ ಸಾಲಿನ ಹಿಂದಿ. ಕರಡಿ ಕಾಗೆಗೆ, "ಕೈಸಾ ದಿಯಾ? ಬರಾಬರ್ ಬೋಲೋ" ಎಂದು ಜೇನಿನ ದರ ಕೇಳಿತು. ಮಕ್ಕಳು ಬಾಯಿ ಮುಚ್ಚಿಕೊಂಡು ಗ್ಯಾಲರಿಗೆ ಓಡಿದರು. ಆದರೆ ಅವರು ನಕ್ಕದ್ದು ಕರಡಿಗಲ್ಲ, ವೈನಿಯ ಹಿಂದಿಗೆ. ಅದು ವೈನಿಗೂ ತಿಳಿಯಿತು. ಕರಡಿಯ ಹೆಂಡತಿ ಆ ದಿನ ಗವಿಯೊಳಗಿನಿಂದ ಏನನ್ನೂ ಹೇಳಲಿಲ್ಲ. ಮತ್ತೊಂದೆರಡು ರವಿವಾರ ಹಾಗೆಯೇ ನಡೆಯಿತು. ಆಮೇಲೆ ಅವರು ಮಾತು ಕೊಡುವುದನ್ನೇ ಬಿಟ್ಟರು. ಸದ್ದಿಲ್ಲದ ಚಿತ್ರ ಓಡುತ್ತಿತ್ತು, ಮಕ್ಕಳು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು...

ಮಾತು ಬಂದದ್ದು ಮಳೆಗಾಲ ಮುಗಿದ ಮೇಲೆ. ಮಗಳನ್ನು ಹಿಂದಿಯಲ್ಲಿ ನಡೆಯುತ್ತಿದ್ದ ಗ್ಯಾಲರಿಯ ಮಕ್ಕಳ ಆಟಕ್ಕೆ ಬಿಡತೊಡಗಿದ್ದರು. ಒಂದು ಸಂಜೆ ಹಗ್ಗದಾಟದ ಸರದಿಯಲ್ಲಿ ಯಾರೋ ಅವಳನ್ನು ಹಿಂದಕ್ಕೆ ತಳ್ಳಿದಾಗ, "ಮೇರಾ ನಂಬರ್ ಹೈ!" ಎಂಬ ಕಂಠ ಮೂರೂ ಮಹಡಿಗೆ ಕೇಳಿಸಿತು. ಜನ ಬಾಗಿಲಿಗೆ ಬಂದರು. ನಮ್ಮ ತಾಯಿಯವರು ಸಕ್ಕರೆ ತಂದು ಮಗುವಿನ ಬಾಯಿಗೆ ಹಾಕಿದರು. ನೋಡಿ, ಕನ್ನಡ ಬಿಟ್ಟ ಕೂಡಲೇ ಮಾತು ಬಂತು ಎಂದು ಎಲ್ಲರೂ ಹೇಳಿದರು. ವೈದ್ಯರು ಹೇಳಿದ್ದು ಸರಿಯಾಯಿತು, ಶಾಲೆಯವರು ಹೇಳಿದ್ದು ಸರಿಯಾಯಿತು. ಮುಂದಿನ ಜೂನಿನಲ್ಲಿ ಪ್ರವೇಶವೂ ಸಿಕ್ಕಿತು.

ಅದಾದ ಕೆಲವು ದಿನಗಳಿಗೆ ನಾನು ವೈನಿಯ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆ. ಬಾಗಿಲ ಹಿಂದೆ ಮಗಳು ಬಟ್ಟೆಯ ಗೊಂಬೆಯೊಂದಿಗೆ ಆಡುತ್ತಿದ್ದಳು. ಗಾಳಿ ಸವರಿದಂಥ ಸದ್ದೊಂದು ಕೇಳಿ ನಾನು ಆ ಕಡೆ ಬಾಗಿದೆ. ಅವಳು ಗೊಂಬೆಗೆ ಹೇಳುತ್ತಿದ್ದಳು: "ಮಲಕೋರಿ. ಬಾಯಿ ಮುಚ್ಕೊಂಡು ಮಲಕೋರಿ. ಕಾಗಿ ಹೋತು. ನಾ ನೋಡಕೋತೀನಿ." ಒಂದು ಅಕ್ಷರವೂ ತಪ್ಪಿರಲಿಲ್ಲ. ಧ್ವನಿ ಮಾತ್ರ ಇರಲಿಲ್ಲ. ಅವಳಿಗೆ ಮಾತು ಎಂದೋ ಬಂದಿತ್ತು. ಹುಟ್ಟಿದಂದಿನಿಂದ ಅವಳು ಮನೆಯೊಳಗೆ ಕೇಳಿದ ಕನ್ನಡವೆಲ್ಲ ಪಿಸುಮಾತಾಗಿತ್ತು. ಕನ್ನಡವೆಂದರೆ ಹೀಗೆಯೇ ಆಡತಕ್ಕದ್ದೆಂದು ಅವಳು ಕಲಿತಿದ್ದಳು. ಹಿಂದಿಯನ್ನು ಗ್ಯಾಲರಿಯಲ್ಲಿ ಕಲಿತಳು, ಗ್ಯಾಲರಿಯಲ್ಲಿ ಎಲ್ಲರೂ ಕೂಗುತ್ತಿದ್ದರು.

ನಾನು ಬಟಾಣಿಯನ್ನು ಹಾಗೆಯೇ ಬಿಟ್ಟು ವೈನಿಗೆ ಹೇಳಿದೆ. ಕನ್ನಡದ ತಪ್ಪಲ್ಲ ಅದು, ಗಟ್ಟಿಯಾಗಿ ಆಡುವುದನ್ನು ಕಲಿಸಿದ್ದರೆ ಸಾಕಿತ್ತು, ಈಗಲೂ ಕಲಿಸಬಹುದು ಎಂದೆ. ವೈನಿ ಒಲೆಯ ಕಡೆ ನೋಡುತ್ತಿದ್ದರು.

"ನನಗ ಗೊತ್ತಿತ್ರೀ ಟೀಚರ್. ಸಾಲಿಯೊಳಗ ಆಕಿ ತನ್ನ ಹೆಸರು ಹೇಳಿದ್ದು ನನಗ ಕೇಳಿಸಿತ್ತು."

"ಮತ್ತೆ ಯಾಕೆ ಸುಮ್ಮನಾದಿರಿ?"

ಅವರು ಮಂಚದ ಕಡೆ ಕಣ್ಣು ಹಾಯಿಸಿದರು. ಯಜಮಾನರು ಮುಸುಕಿನೊಳಗಿದ್ದರು. "ಗಟ್ಟಿಯಾಗಿ ಎಲ್ಲಿ ಕಲಸ್ಲಿ? ಅವರು ನಿದ್ದಿಗೆಟ್ಟು ಮಷಿನಿನ ಮುಂದ ನಿಂತರ ಕೈ ಉಳೀತದೇನು? ಪಿಸುಮಾತಿಗೆ ಅಡ್ಮಿಷನ್ ಕೊಡಂಗಿಲ್ಲ, ಹಿಂದಿಗೆ ಕೊಡತಾರ. ಒಬ್ಬರಿಗೆ ನಿದ್ದಿ ಸಿಕ್ಕಿತು, ಒಬ್ಬರಿಗೆ ಸಾಲಿ ಸಿಕ್ಕಿತು." ಒಲೆಯ ಉರಿ ತಗ್ಗಿಸಿ, "ನನ್ನ ಕನ್ನಡ ನನ್ನ ಹತ್ರ ಇರತದ ಬಿಡ್ರಿ, ಎಲ್ಲಿ ಹೋಗತದ" ಎಂದರು. ಆಮೇಲೆ ನನ್ನ ಮುಂದಿದ್ದ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಉಳಿದ ಬಟಾಣಿಯನ್ನು ತಾವೇ ಬಿಡಿಸಿದರು.

ತೊಂಬತ್ತರ ಮೊದಲ ವರ್ಷಗಳಲ್ಲಿ ಅವರು ದಹಿಸರಿನಲ್ಲಿ ಸ್ವಂತ ಫ್ಲ್ಯಾಟು ಕೊಂಡರು. ಮಲಗುವ ಕೋಣೆ ಬೇರೆ, ಅದಕ್ಕೊಂದು ಬಾಗಿಲು. ಕೇಬಲ್ಲು ಬಂದಿತ್ತು. ಹೋದಾಗಲೆಲ್ಲ ಮಗಳು ಟೀವಿಯ ಮುಂದಿರುತ್ತಿದ್ದಳು. ಆ ಕಾಲದ ಕಾರ್ಟೂನುಗಳು ನನಗೆ ಹಿಡಿಸಲಿಲ್ಲ. ಅವುಗಳ ಪ್ರಾಣಿಗಳು ಬೀಳುವ ಮೊದಲೇ ಬೀಳುತ್ತೇವೆಂದು ಹೇಳುತ್ತಿದ್ದವು, ಬಿದ್ದ ಮೇಲೆ ಬಿದ್ದೆವೆಂದು ಹೇಳುತ್ತಿದ್ದವು. ಸದ್ದು ಅಡುಗೆಮನೆಯವರೆಗೆ ಬರುತ್ತಿತ್ತು. ಈಗ ಗಟ್ಟಿಯಾಗಿ ಮಾತನಾಡಲು ಅಡ್ಡಿಯೇನೂ ಇರಲಿಲ್ಲ. ಆದರೂ ವೈನಿ ನನ್ನೊಡನೆ ಕನ್ನಡವನ್ನು ಆ ಹಳೆಯ ದನಿಯಲ್ಲಿಯೇ ಆಡುತ್ತಿದ್ದರು, ಮಗಳೊಡನೆ ಹಿಂದಿಯನ್ನು ಗಟ್ಟಿಯಾಗಿ. ಮಗಳು ನಮ್ಮ ಮಾತನ್ನು ಅರ್ಧಂಬರ್ಧ ತಿಳಿದು, "ಕ್ಯಾ ಬೋಲ್ ರಹೇ ಹೋ ಆಪ್ ಲೋಗ್?" ಎಂದು ಕೇಳುತ್ತಿದ್ದಳು. "ಕುಛ್ ನಹೀ" ಎನ್ನುತ್ತಿದ್ದರು ವೈನಿ.

ಯಜಮಾನರು ಮೊದಲು ಹೋದರು. ವೈನಿ ಹೋಗಿ ಈಗ ಒಂದು ವರ್ಷದ ಮೇಲಾಯಿತು. ಮಗಳು ಬ್ಯಾಂಕಿನಲ್ಲಿ ಅಧಿಕಾರಿ. ಅವಳಿಗೂ ಒಂದು ಮಗುವಿದೆ. ಅಂಗಡಿಯಿಂದ ಬಂದ ದಿನ ನಾನು ಅವಳಿಗೆ ಫೋನು ಮಾಡಿದೆ. ಕ್ಷೇಮ ಸಮಾಚಾರ ಮುಗಿದ ಮೇಲೆ ಹಳೆಯ ಟೀವಿಯ ಮಾತೆತ್ತಿದಾಗ ಅವಳು ಕೇಳಿದಳು: "ಟೀಚರ್, ಮಮ್ಮಿ ಉಸ್ ಭಾಲೂ ಕಾ ಕ್ಯಾ ಬೋಲ್ತೀ ಥೀ? ಮೇರೇ ಕೋ ಸಿರ್ಫ್ ಕಾನ್ ಮೇ ಗರಮ್ ಹವಾ ಯಾದ್ ಹೈ. ಶಬ್ದ್ ನಹೀ." ಕರಡಿಯ ಮಾತುಗಳಲ್ಲಿ ಅವಳಿಗೆ ಕಿವಿಗೆ ತಾಕಿದ ಬಿಸಿಯುಸಿರು ಮಾತ್ರ ನೆನಪಿತ್ತು, ಪದಗಳಲ್ಲ. ಆಮೇಲೆ ಕಷ್ಟಪಟ್ಟು, ಕನ್ನಡದ ಪದಗಳನ್ನು ಒಂದೊಂದಾಗಿ ಜೋಡಿಸಿ, "ನೀವು... ಹೇಳಿ ಕೊಡ್ತೀರಾ? ಬೇಬಿಗೆ ಹೇಳಬೇಕು" ಎಂದಳು.

ನನಗೆ ಆ ಮಾತುಗಳೆಲ್ಲ ನೆನಪಿವೆ. ನಾನು ಶುರು ಮಾಡಿದೆ. ಕರಡಿ ರಾತ್ರಿಯೆಲ್ಲ ಕೆಲಸ ಮಾಡಿ ಬಂದು ಮಲಗಿದೆ, ಕಾಗೆ ಬರುತ್ತದೆ, ಹೆಂಡತಿ ಒಳಗಿನಿಂದ ಕೂಗುತ್ತಾಳೆ. ಪದಗಳು ಅವೇ ಇದ್ದವು, ಕ್ರಮವೂ ಅದೇ ಇತ್ತು. ಆದರೆ ಜೀವಮಾನವೆಲ್ಲ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತನಾಡಿದ ಗಂಟಲು ನನ್ನದು. ನಾಲಗೆ ಮೈಸೂರಿನ ಕಡೆಯದು. ನನ್ನ ಬಾಯಲ್ಲಿ ಕರಡಿ ಹಾಜರಿ ಕೂಗುವ ಹೆಡ್‌ಮಾಸ್ತರಂತಾಯಿತು. ದನಿ ತಗ್ಗಿಸಿ ಮತ್ತೊಮ್ಮೆ ಪ್ರಯತ್ನಿಸಿದೆ. ಪಿಸುಮಾತು ಬಂತು, ವೈನಿ ಬರಲಿಲ್ಲ.

ಅವಳು ಕೊನೆಯವರೆಗೂ ಕೇಳಿದಳು. ಎಲ್ಲಿಯೂ ನಗಲಿಲ್ಲ. "ಇಷ್ಟೇ ಇತ್ತಾ?" ಎಂದು ಕನ್ನಡದಲ್ಲಿ ಕೇಳಿದಳು.

"ಇಷ್ಟೇ ಅಲ್ಲ, ಮಗು" ಎಂದೆ. ಉಳಿದದ್ದನ್ನು ಹೇಳಲು ನನಗೆ ಬರಲಿಲ್ಲ.