ಬೀಜ ಮುಟ್ಟಿದ ಕೈ

ತೊಗರಿಯ ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಅಣುಜೀವಿಗಳ ಪುಡಿಯನ್ನು ರೈತರಿಗೆ ಹಂಚುವುದು ನನ್ನ ಕೆಲಸ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿರಿ, ನೆರಳಲ್ಲೇ ಒಣಗಿಸಿರಿ, ಬಿಸಿಲು ತಗಲಿದರೆ ಅವು ಸಾಯುತ್ತವೆ ಎಂದು ಊರೂರಲ್ಲಿ ಹೇಳಿ ಗಂಟಲು ಹರಿದುಕೊಂಡವನು ನಾನು.

ಆ ವರ್ಷ ಕಮಲಾಪುರದ ಶರಣಮ್ಮನವರ ಹೊಲದಲ್ಲಿ ಸಸಿ ಕಿತ್ತು ನೋಡಿದೆ. ಎಲೆ ಹಳದಿ, ಬೇರು ಬೋಳು.

"ನೆರಳಾಗ ಒಣಗಿಸಿದ್ರಿಲ್ಲ?"

"ನೀವು ಹೇಳ್ದಂಗೇ ಮಾಡೀನ್ರಿ ಸಾಹೇಬ್ರ. ಗಂಡ ಸತ್ತಾಕಿ ಬೀಜ ಮುಟ್ಟಬಾರ್ದು ಅಂತ ನಮ್ಮತ್ತಿ ಅಂದಿದ್ರು. ನಾನೇ ಕೇಳಲಿಲ್ಲ. ನನ್ನ ಕೈಗುಣ ಸರಿ ಇಲ್ರಿ."

ಆಗ ನೆನಪಾಯಿತು. ಕಲಬುರಗಿಯಿಂದ ಪುಡಿ ತರುವ ದಿನ ಅಲ್ಲೇ ಗಾಜಿಪುರದಲ್ಲಿ ಭಾವನ ಮನೆಗೆ ಊಟಕ್ಕೆ ಹೋಗಿದ್ದೆ. ಹೋಳಿಗೆ ತಿಂದು ಮಲಗಿ ಏಳುವವರೆಗೆ, ಗಾಜು ಏರಿಸಿದ ಜೀಪು ಪೊಟ್ಟಣಗಳ ಸಮೇತ ಬಿಸಿಲಲ್ಲೇ ನಿಂತಿತ್ತು.

ಹೇಳಬೇಕೆಂದು ಬಾಯಿ ತೆರೆದೆ. "ಒಮ್ಮೊಮ್ಮೆ ಹಂಗಾಗ್ತದ ಬಿಡ್ರಿ ಅಕ್ಕಾರ" ಎಂದಷ್ಟೇ ಬಂತು.

ಮರುವರ್ಷ ಪೊಟ್ಟಣಗಳನ್ನು ಐಸ್ ಡಬ್ಬಿಯಲ್ಲಿಟ್ಟು, ದಾರಿಯಲ್ಲಿ ಎಲ್ಲೂ ನಿಲ್ಲದೆ ಒಯ್ದುಕೊಟ್ಟೆ. ಅದೇ ಹೊಲ, ಬೇರಿನ ತುಂಬ ಜೋಳದ ಕಾಳಿನಂಥ ಗಂಟು. ಸೀಳಿದರೆ ಒಳಗೆಲ್ಲ ಕೆಂಪು, ಅಣುಜೀವಿಗಳು ಬದುಕಿ ಕೆಲಸ ಮಾಡುತ್ತಿರುವ ಗುರುತು.

"ಈ ಸಲ ಬೀಜಕ್ಕ ನಮ್ಮ ಸಣ್ಣ ಸೊಸಿ ಕೈ ಹಚ್ಯಾಳ್ರಿ," ಎಂದರು ಶರಣಮ್ಮನವರ ಅತ್ತೆ. ದೂರ ನಿಂತಿದ್ದ ಶರಣಮ್ಮ ಹೌದೆಂದು ತಲೆಯಾಡಿಸಿದರು. ಅವರಿಗೂ ಈಗ ಸಂಶಯ ಉಳಿದಿರಲಿಲ್ಲ.

"ನಿಮ್ಮ ಕೈಗುಣಾನೂ ಚೊಲೊ ಅದ ನೋಡ್ರಿ ಸಾಹೇಬ್ರ," ಎಂದು ಅತ್ತೆ ನನ್ನನ್ನು ಊಟಕ್ಕೆ ಕೂರಿಸಿದರು. ಅಲ್ಲೂ ಹೋಳಿಗೆಯೇ ಮಾಡಿದ್ದರು.