ಮುಸುಕಿನ ಸಾಹೇಬನ ಓಳಖ ಯಾರಿಗಿದೆ?

೧೯೫೨ರ ಆಗಸ್ಟ್ ತಿಂಗಳ ಕೊನೆಯ ದಿನದ ತನಕ ಈ ದೇಶದಲ್ಲಿ ಕೆಲವು ಮಕ್ಕಳು ಕಾಯ್ದೆಯ ಪ್ರಕಾರ ಕಳ್ಳರಾಗಿಯೇ ಹುಟ್ಟುತ್ತಿದ್ದರು. ಕದಿಯುವ ಶ್ರಮವೇ ಬೇಕಿರಲಿಲ್ಲ. ಇಂಥ ಕುಲದ ತಾಯಿಗೆ ಹುಟ್ಟಿದರೆ ಸಾಕು, ಉಳಿದದ್ದನ್ನು ಸರಕಾರ ನೋಡಿಕೊಳ್ಳುತ್ತಿತ್ತು: ತಂತಿ ಬೇಲಿ, ಹಾಜರಿ, ಹೊರಗೆ ಹೋಗಲು ಪಾಸು. ಸೊಲ್ಲಾಪುರದವರು ಇದು ಗೊತ್ತಿಲ್ಲ ಎನ್ನುವಂತಿಲ್ಲ. ಬೇಲಿ ಊರಿನ ಪಕ್ಕದಲ್ಲೇ ಇತ್ತು.

ಕಾಮಣ್ಣ ಅಂಥ ಬೇಲಿಯೊಳಗೆ ಹುಟ್ಟಿದವನು. ಅವನ ಕುಲ ಯಾವುದೆಂದು ಬರೆಯುವುದಿಲ್ಲ. ಬರೆದರೆ ನೀವು ಮುಂದೆ ಓದುವುದಿಲ್ಲ. ಕಾಯ್ದೆ ಸತ್ತಿತು, ಬೇಲಿ ಹೋಯಿತು. ಕಾಮಣ್ಣ ಹೆಂಡತಿ ಗಂಗುಬಾಯಿಯನ್ನು ಕರೆದುಕೊಂಡು ಅಕ್ಕಲಕೋಟೆಗೆ ಬಂದು, ಸಾತಲಿಂಗಪ್ಪ ಸಾಹುಕಾರರ ಮದುವೆಯ ಕುದುರೆ ಕಾಯುವ ಕೆಲಸಕ್ಕೆ ನಿಂತ. ಸಾಹುಕಾರರಿಗೆ ಎರಡು ದಂಧೆ. ಮದುಮಗನಿಗೆ ಬಿಳಿ ಕುದುರೆ ಬಾಡಿಗೆಗೆ ಕೊಡುವುದು ಒಂದು, ಡೇರೆಯಲ್ಲಿ ಸಿನೆಮಾ ತೋರಿಸುವುದು ಇನ್ನೊಂದು.

ಐವತ್ಮೂರರಲ್ಲಿ ಆ ಡೇರೆಗೆ ಅಮೆರಿಕದ ಹಳೆಯ ರೀಲುಗಳು ಬಂದವು. ಕಣ್ಣಿಗೆ ಕಪ್ಪು ಮುಸುಕು ಕಟ್ಟಿದ ಒಬ್ಬ ಸವಾರ, ಬಿಳಿ ಕುದುರೆ, ಕಳ್ಳರನ್ನು ಹಿಡಿಯುವುದು, ಹೆಸರು ಹೇಳದೆ ಹೊರಟುಹೋಗುವುದು. ಅವರ ದೇಶದಲ್ಲಿ ಇದನ್ನು ಮನೆಯಲ್ಲೇ ಒಂದು ಪೆಟ್ಟಿಗೆಯೊಳಗೆ ನೋಡುತ್ತಾರಂತೆ. ನಮಗೆ ಪೆಟ್ಟಿಗೆಯೂ ಇರಲಿಲ್ಲ, ಆ ಇಂಗ್ಲಿಷೂ ಅರ್ಥವಾಗುತ್ತಿರಲಿಲ್ಲ. ಮುಸುಕು ಯಾಕೆ ಎಂಬುದೇ ದೊಡ್ಡ ಚರ್ಚೆ. ಸಿಡುಬು ಎದ್ದು ಮುಖ-ಮಾರಿ ಕೆಟ್ಟಿರಬೇಕು ಎಂದರು ಹೆಂಗಸರು. ಬೀರೋಬನಿಗೆ ಹರಕೆ ಹೊತ್ತಾನ ಎಂದ ಒಬ್ಬ ಕುರುಬರ ಮುದುಕ.

ಸಾಹುಕಾರರಿಗೆ ಜಾಹೀರಾತಿನ ಯುಕ್ತಿ ಹೊಳೆಯಿತು. ಕುದುರೆ ಮನೆಯದೇ, ಸವಾರನೂ ಮನೆಯವನೇ. "ಕಾಮಣ್ಣ, ನಾಳಿಂದ ನೀನ ಆ ಸಾಹೇಬ. ನಿನಗ ಮುಸುಕ ಬೇಷ್ ಒಪ್ಪತೈತಿ. ಮಾರಿ ಯಾರಿಗೂ ಕಾಣಂಗಿಲ್ಲ, ಕಿರಿಕಿರಿ ಇಲ್ಲ" ಎಂದರು. ಹಳೆಯ ಕೊಡೆಯ ಬಟ್ಟೆ ಕತ್ತರಿಸಿ ಗಂಗುಬಾಯಿ ಮುಸುಕು ಹೊಲಿದಳು. ಈಚಲ ಗರಿಯಿಂದ ಅಗಲವಾದ ಟೋಪಿ ಹೆಣೆದು ಸುಣ್ಣ ಬಳಿದಳು. ಮಳೆ ಬಂದರೆ ಅಮೆರಿಕದ ಶೌರ್ಯವೆಲ್ಲ ಬಿಳಿಯ ಧಾರೆಯಾಗಿ ಕಾಮಣ್ಣನ ಕೊರಳಿಗೆ ಇಳಿಯುತ್ತಿತ್ತು.

ಕುದುರೆಯದು ಬೇರೆ ತೊಂದರೆ. ಅದು ಮದುವೆಯ ಕುದುರೆ. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವವರ ಹಾಗೆ ಕಾಮಣ್ಣ ಪೇಟೆಯಲ್ಲಿ ಓಡಿಸಿಕೊಂಡು ಬಂದರೆ, ಎಲ್ಲೋ ಬ್ಯಾಂಡಿನ ಸಪ್ಪಳ ಕೇಳಿದ ಕೂಡಲೇ ಅದು ನಿಂತು ಕುಣಿಯುತ್ತಿತ್ತು. ಒಮ್ಮೆ ಮುಸುಕಿನ ಸಾಹೇಬನನ್ನು ಹೊತ್ತುಕೊಂಡು ನೇರ ಯಾರದೋ ಮದುವೆಯ ಹಂದರಕ್ಕೇ ನುಗ್ಗಿತು. ಹೆಣ್ಣಿನ ಕಡೆಯವರು ಗಾಬರಿಯಲ್ಲಿ ಆರತಿ ಎತ್ತಿಬಿಟ್ಟರು!

ಜನಕ್ಕೆ ಅದೂ ಸಂಭ್ರಮ. ಅರಿವೆ ಅಂಗಡಿಯ ಸಿದ್ದಣ್ಣ ಹಾರ ಹಾಕಿದರು. ಹೋಟೆಲಿನವನು ಕಪ್ಪು-ಸಾಸರು ಸಮೇತ ಚಹಾ ತಂದು ಕುದುರೆಯ ಮೇಲೇ ಕೊಟ್ಟ. ಸಂಜೆ ಮುಸುಕು ಬಿಚ್ಚಿ ಅದೇ ಹೋಟೆಲಿಗೆ ಹೋದರೆ ಕಾಮಣ್ಣ ಹೊರಗೆ ನಿಂತು ತಾನೇ ತಂದ ಡಬ್ಬಿ ಮುಂದೆ ಹಿಡಿಯಬೇಕಿತ್ತು. ಅದೇ ಚಹಾ, ಅದೇ ಬಾಯಿ.

ಐವತ್ನಾಲ್ಕರಲ್ಲಿ ನಮ್ಮ ಪ್ರತಿಷ್ಠಿತರಿಗೆಲ್ಲ ಒಮ್ಮೆಲೇ ಕನ್ನಡ ನೆನಪಾಯಿತು. ಅಕ್ಕಲಕೋಟೆ ಕನ್ನಡ ನಾಡಿಗೆ ಸೇರಬೇಕೆಂದು ದಿಲ್ಲಿಯ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಅರ್ಜಿ. ಸಹಿ ಕೂಡಿಸಲು ಹಳ್ಳಿಹಳ್ಳಿಗೆ ಹೋದವನು ಯಾರು? ಮುಸುಕಿನ ಸಾಹೇಬ. ಕುದುರೆ ನೋಡಲು ಜನ ಸೇರುತ್ತಿದ್ದರು, ಸೇರಿದವರು ಹೆಬ್ಬೆಟ್ಟು ಒತ್ತುತ್ತಿದ್ದರು. "ಈ ಕೆಳಗೆ ಸಹಿ ಮಾಡಿದ ಪ್ರತಿಷ್ಠಿತ ನಾಗರಿಕರು" ಎಂದು ಶುರುವಾಗುವ ಆ ಅರ್ಜಿಯ ಮೊದಲ ಪುಟದಲ್ಲೇ ಕಾಮಣ್ಣನ ಸಹಿಯೂ ಇತ್ತು. ಪುಟ ತುಂಬಬೇಕಿತ್ತಲ್ಲ. ದಿಲ್ಲಿ ನಮ್ಮ ಗುರುತು ಹಿಡಿಯಲಿಲ್ಲ, ಊರು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಆ ಅವಮಾನವನ್ನು ನಮ್ಮವರು ಇವತ್ತಿಗೂ ಮರೆತಿಲ್ಲ. ಅಷ್ಟರಲ್ಲಿ ಅಮೆರಿಕದ ರೀಲುಗಳೂ ಸವೆದುಹೋದವು, ಮುಸುಕಿನ ಸವಾರಿ ನಿಂತಿತು.

ಕಾಮಣ್ಣನ ಗುರುತು ಮಾತ್ರ ಒಂದು ಕಚೇರಿ ಪಕ್ಕಾ ಹಿಡಿದಿತ್ತು. ಅದು ಊರಿನ ಪೊಲೀಸ್ ಚೌಕಿ. ಕಾಯ್ದೆ ಸತ್ತರೂ ಅಲ್ಲಿಯ ರಜಿಸ್ಟರು ಸಾಯಲಿಲ್ಲ. ಪ್ರತಿ ರವಿವಾರ ಹೋಗಿ ನಿಲ್ಲಬೇಕು, ಊರು ಬಿಟ್ಟರೆ ಹೇಳಿ ಬಿಡಬೇಕು. ಮಗಳು ಗುರುಬಾಯಿಯನ್ನು ಮಂಗಳವೇಢೆ ಕಡೆಯ ಮರವಡೆಗೆ ಕೊಟ್ಟಿದ್ದಾರೆ. ಹೋದ ವರ್ಷ ಅವಳಿಗೆ ಗಂಡು ಮಗು ಆಯಿತು. ಕಾಮಣ್ಣ ಮೊಮ್ಮಗನ ಮುಖ ನೋಡಿಲ್ಲ. ಅವನು ಬಸ್ಸು ಹತ್ತಿದರೆ ಚೌಕಿಯ ಚೀಟಿ ಅವನಿಗಿಂತ ಮೊದಲು ಮರವಡೆಯ ಪಾಟೀಲರ ಕೈ ಸೇರುತ್ತದೆ: ಕಳ್ಳ ಬರುತ್ತಿದ್ದಾನೆ, ಕಣ್ಣಿಡಿ. ಮಗಳ ಓಣಿಯಲ್ಲಿ ಆ ಡಂಗುರ ಬೇಡವೆಂದು ಅವನು ಹೋಗಿಲ್ಲ.

ಈ ವರ್ಷ, ಅಂದರೆ ಐವತ್ತೊಂಬತ್ತರಲ್ಲಿ, ಚೌಕಿಗೆ ಒಬ್ಬ ಮನುಷ್ಯ ಫೌಜದಾರನಾಗಿ ಬಂದ. ಹೀಗೂ ಒಮ್ಮೊಮ್ಮೆ ಆಗುತ್ತದೆ. ಮರಾಠಿಯಲ್ಲಿ ತಾನೇ ಒಂದು ಕಾಗದ ಬರೆದುಕೊಟ್ಟ: "ಈ ಕಾಗದ ತಂದವನ ಓಳಖ ನಮಗಿದೆ. ಇವನು ಪ್ರಾಮಾಣಿಕ." ಓಳಖ ಎಂದರೆ ಗುರುತು, ಪರಿಚಯ, ನಮ್ಮ ಕಡೆ ಕನ್ನಡದವರ ಬಾಯಲ್ಲೂ ಅದೇ ಮಾತು. ಊರಿನ ಐದು ಮಂದಿ ಪ್ರತಿಷ್ಠಿತರ ಸಹಿ ತಂದರೆ ರಜಿಸ್ಟರಿನಿಂದ ಹೆಸರು ಹೊಡೆದುಹಾಕುತ್ತೇನೆ ಎಂದ.

ಕಾಮಣ್ಣ ಮೊದಲು ತನ್ನ ಸಾಹುಕಾರರ ಹತ್ತಿರ ಹೋದ.

"ಸಾಹುಕಾರ್ರ, ಒಂದು ಸೈ ಬೇಕಾಗಿತ್ತರಿ."

"ಎದಕ್ಕೋ?"

"ನನ್ನ ಓಳಖ ಐತಿ ಅಂತರಿ."

"ಐತೆಲ್ಲೋ! ಏಳ ವರ್ಷ ಆತು, ಹಗಲೆಲ್ಲಾ ನಿನ್ನ ಮಾರೀನ ನೋಡಾಕತ್ತೀನಿ."

"ಅದನ್ನ ಚೌಕಿಗಿ ಬರದು ಕೊಡಬೇಕರಿ."

ಸಾಹುಕಾರರು ಮೂಗಿನ ಮೇಲಿನ ಚಾಳೀಸು ತೆಗೆದು ಒರೆಸತೊಡಗಿದರು. "ನೋಡಪಾ, ಬಾಯಿಲೆ ಸಾವಿರ ಸಲ ಹೇಳ್ತೀನಿ. ಕಾಗದದ ಮ್ಯಾಲ ಬ್ಯಾಡ."

"ಆ ಅರ್ಜಿದಾಗ ನಾನೂ ಪ್ರತಿಷ್ಠಿತ ನಾಗರಿಕ ಇದ್ನೆಲ್ರಿ."

"ಹುಚ್ಚ, ಅದು ದಿಲ್ಲಿಗಿ ಹೋಗೂದಿತ್ತು. ಇದು ಊರಾಗ ಇರೂದು."

ಅಲ್ಲಿಂದ ಸಿದ್ದಣ್ಣನ ಅಂಗಡಿಗೆ ಹೋದ. ಹಾರ ಹಾಕಿದ್ದವರು ತಲೆ ಎತ್ತಿ ನೋಡಿ, "ಯಾವನೋ ನೀ?" ಎಂದರು.

"ಕುದರಿ ಮ್ಯಾಲ ಬರ್ತಿದ್ನೆಲ್ರಿ, ಮುಸುಕ ಕಟ್ಟಕೊಂಡು."

"ಹೋಗಲೇ! ಅಂವಾ ಆರ ಫೂಟ ಇದ್ದ. ನೀ ಎಲ್ಲಿ, ಅಂವಾ ಎಲ್ಲಿ!"

ಗಂಗುಬಾಯಿ ಇದನ್ನು ಕೇಳಿ ಬುಟ್ಟಿ ಹೆಣೆಯುವುದನ್ನು ನಿಲ್ಲಿಸಲೂ ಇಲ್ಲ. "ಅವರಿಗಿ ನಿಮ್ಮ ಮಾರೀದು ಓಳಖ ಇಲ್ಲ, ನನ್ನ ಹೊಲಿಗೀದು ಐತಿ. ಅದನ್ನ ಕಟ್ಟಕೊಂಡು ಹೋಗ್ರಿ" ಎಂದಳು.

ಮರುದಿನ ಕುದುರೆಗೆ ನೀರು ಕುಡಿಸುವ ನೆಪದಲ್ಲಿ ಕಾಮಣ್ಣ ಮುಸುಕು ಕಟ್ಟಿಕೊಂಡು ಪೇಟೆಗೆ ಬಂದ. ಏನು ಹೇಳಲಿ! "ಮುಸುಕಿನ ಸಾಹೇಬ ಮತ್ತ ಬಂದಾನ!" ಎಂದು ಅಂಗಡಿ ಬಿಟ್ಟು ಓಡಿ ಬಂದರು. ಹಳೆಯ ಕಾಲ ನೆನೆದು ಸಿದ್ದಣ್ಣನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಕಾಗದ ಓದಿ, "ನಿಮ್ಮ ಓಳಖ ನಮಗ ಇಲ್ಲದ ಮತ್ಯಾರಿಗೈತ್ರಿ ಸಾಹೇಬರ!" ಎಂದು ಸೊಂಡಿಲಿನಂಥ ಸಹಿ ಎಳೆದರು. ಅವರನ್ನು ನೋಡಿ ಇನ್ನೂ ಮೂವರು ಬರೆದರು. ಅಷ್ಟರಲ್ಲಿ ಎಲ್ಲೋ ಬ್ಯಾಂಡು ಮೊಳಗಿತು. ಮುದಿಯಾದರೂ ಕುದುರೆ ಕುಣಿಯುತ್ತಾ ಆ ಕಡೆಗೇ ನಡೆಯಿತು. ಐದನೆಯ ಸಹಿ ತಪ್ಪಿತು.

ನಾಲ್ಕು ಸಹಿಯ ಕಾಗದವನ್ನು ಫೌಜದಾರ ಬಹಳ ಹೊತ್ತು ನೋಡಿದ.

"ಖರೇ ಹೇಳು. ಈ ನಾಕ ಮಂದಿಗಿ ನಿನ್ನ ಮಾರಿ ಗೊತ್ತೈತೇನು?"

ಹುಟ್ಟಾ ಕಳ್ಳನಾದ ಕಾಮಣ್ಣನಿಗೆ ಸುಳ್ಳು ಹೇಳಲು ಬರಲಿಲ್ಲ. "ಇಲ್ರಿ ಸಾಹೇಬರ. ಮುಸುಕ ಗೊತ್ತೈತ್ರಿ."

"ಹಂಗಾರ ಮಾರಿ ನೋಡಿದಾಂವಂದು ಒಂದು ಸೈ ತಗೊಂಬಾ. ನಾಕ ಬ್ಯಾಡ, ಐದ ಬ್ಯಾಡ, ಒಂದು. ಮನಿ-ಮಾರು ಇದ್ದಾಂವಂದು ಇರಲಿ."

ಪತ್ರಿಕೆಗೆ ಇದನ್ನು ಬರೆಯುತ್ತಿರುವ ನಾನು ಮುಂದೆ ಬಂದೆ, ನನ್ನ ಸಹಿ ನಡೆಯಲಿಲ್ಲ. ಬಾಡಿಗೆಯ ಕೋಣೆ, ಮೈಮೇಲೆ ಮಾನಹಾನಿಯ ಎರಡು ಕೋರ್ಟು ಖಟ್ಲೆ. ನಾನು ಪ್ರತಿಷ್ಠಿತ ಅಲ್ಲವಂತೆ. ಮುಖ ನೋಡಿದ ಸಾಹುಕಾರರು ಸಹಿ ಮಾಡುವುದಿಲ್ಲ. ಸಹಿ ಮಾಡಿದ ನಾಲ್ವರು ಮುಖ ನೋಡುವುದಿಲ್ಲ. ನಾಲ್ವರೂ ದಿನಾ ಸಂಜೆ ಹೋಟೆಲಿನಲ್ಲಿ ಕೂತು, ಆ ಮುಸುಕಿನ ಸಾಹೇಬನಂಥ ನ್ಯಾಯವಂತ ಈಗೆಲ್ಲಿದ್ದಾನೆಂದು ನಿಟ್ಟುಸಿರು ಬಿಡುತ್ತಾರೆ. ಅವನು ಹೊರಗೇ ನಿಂತಿರುತ್ತಾನೆ, ಡಬ್ಬಿ ಹಿಡಿದುಕೊಂಡು.

ಫೌಜದಾರನಿಗೆ ಈ ತಿಂಗಳ ಕೊನೆಗೆ ವರ್ಗ. ಬರುವವನು ಹೇಗಿರುತ್ತಾನೋ ಗೊತ್ತಿಲ್ಲ. ಕಾಗದ ಗಂಗುಬಾಯಿಯ ಹತ್ತಿರವಿದೆ, ಡೇರೆಯ ಹಿಂದಿನ ಕುದುರೆ ಲಾಯದಲ್ಲಿ. ಅದರಲ್ಲಿ ಒಂದೇ ಗೆರೆ ಖಾಲಿ. ನಿಮಗೆ ಮನೆ ಇದೆ, ಪೆನ್ನು ಇದೆ. ನಾಳೆ ಹೋಗಿ ಕಾಮಣ್ಣನ ಮುಖವನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ, ಸಹಿ ಮಾಡಿ.